ಇಲವಾಲದಿಂದ ಬಾರದ ಸಾಲುಗಳು

ಸಿಟ್ಟು ಬಂದಾಗ ನಾಗಮಣಿ ಮಾತು ನಿಲ್ಲಿಸಿಬಿಡುತ್ತಾಳೆ. ಮನೆಯಲ್ಲಾದರೆ ಪಾತ್ರೆಗಳನ್ನು ಒಂಚೂರೂ ಸದ್ದಾಗದಂತೆ ಇಡುತ್ತಾಳೆ. ಆಫೀಸಿನಲ್ಲಾದರೆ ಕನ್ನಡಕ ತೆಗೆದು ಸೆರಗಿನ ಅಂಚಿನಲ್ಲಿ ಒರೆಸುತ್ತಾ ಕೂರುತ್ತಾಳೆ. ಹೋದ ನವೆಂಬರಿನಲ್ಲಿ ಅವಳ ಕನ್ನಡಕ ಇದ್ದಷ್ಟು ಶುಭ್ರವಾಗಿ ಹಿಂದೆಂದೂ ಇದ್ದಿರಲಾರದು.

ಅವಳಿಗೆ ನಲವತ್ತೇಳು ವರ್ಷ. ಹುಟ್ಟಿ ಬೆಳೆದದ್ದು ಅಗ್ರಹಾರದಲ್ಲಿ, ಮದುವೆಯಾದ ಮೇಲೆ ಬಂದು ಸೇರಿದ್ದು ಅಲ್ಲಿಂದ ಎರಡು ಬೀದಿ ಆಚೆಗೆ. ತಾತ ಅರಮನೆಯ ಕಚೇರಿಯಲ್ಲಿ ತಪಾಲು ಗುಮಾಸ್ತರು. ಬಂದ ಕಾಗದ, ಹೋದ ಕಾಗದಗಳನ್ನು ದಫ್ತರದಲ್ಲಿ ಬರೆದಿಡುವ ಕೆಲಸ. ಅಪ್ಪನೂ ಸರ್ಕಾರಿ ಕಚೇರಿಯಲ್ಲಿ ಅದೇ ಕೆಲಸ ಮಾಡಿ ನಿವೃತ್ತರಾದವರು. ನಾಗಮಣಿ ಬಿ.ಎಸ್ಸಿ. ಮುಗಿಸಿದ ವರ್ಷ ಮನೆ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಎರಡು ಕಂಪ್ಯೂಟರು ಬಂದಿದ್ದವು. ಒಂದರ ಮುಂದೆ ಬೇರೆಯವರನ್ನು ಕೂರಿಸಿ, ಇನ್ನೊಂದನ್ನು ತಾನೇ ಬಿಚ್ಚಿ ನೋಡಿ ಬೈಸಿಕೊಂಡವಳು ಅವಳು. ಡೇಟಾ ಎಂಟ್ರಿಯಿಂದ ಶುರುಮಾಡಿ ಈಗ ಹತ್ತೊಂಬತ್ತು ವರ್ಷದಿಂದ ಕುವೆಂಪುನಗರದ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ. ಹನ್ನೊಂದು ಜನರ ಆ ಕಂಪನಿಯ ಕೆಲಸ ಆಸ್ಪತ್ರೆ, ಲ್ಯಾಬುಗಳ ಕಂಪ್ಯೂಟರುಗಳನ್ನು ದೂರದಿಂದಲೇ ನೋಡಿಕೊಳ್ಳುವುದು. ಯಜಮಾನ ಮಾಧವ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಕಂಪನಿ ಕಟ್ಟಿದ್ದು ಅವನ ತಂದೆ.

ನಗರದಲ್ಲಿ ಒಂದು ಟ್ರಸ್ಟ್ ನಡೆಸುವ ರಕ್ತನಿಧಿ ಇದೆ. ಅದಕ್ಕೆ ರಾಜೀವನಗರ, ಇಲವಾಲ ಸೇರಿ ಆರು ಕಡೆ ಶೇಖರಣಾ ಘಟಕಗಳು. ರಕ್ತದ ಚೀಲಗಳಿರುವ ಫ್ರಿಜ್ಜು ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಆರಕ್ಕಿಂತ ಮೇಲೆ ಏರಬಾರದು. ಪ್ರತಿ ಘಟಕದಲ್ಲೂ ಫ್ರಿಜ್ಜಿಗೆ ಜೋಡಿಸಿದ ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ಒಂದು ಸಾಲು ಬರೆಯುತ್ತದೆ: ತಾರೀಕು, ಗಂಟೆ, ಉಷ್ಣತೆ, ಘಟಕದ ಹೆಸರು. ದಿನಕ್ಕೆ ಇನ್ನೂರ ಎಂಬತ್ತೆಂಟು ಸಾಲು. ಇನ್ನೊಂದು ಪ್ರೋಗ್ರಾಂ ಆ ಸಾಲುಗಳನ್ನು ಇಂಟರ್‌ನೆಟ್ಟಿನ ಮೂಲಕ ದೂರದ ಒಂದು ಕಂಪನಿಯ ನಿಗಾ ವ್ಯವಸ್ಥೆಗೆ ಕಳಿಸುತ್ತದೆ. ಅಲ್ಲಿ ಅವು ಗೆರೆಗಳಾಗಿ ಮೂಡುತ್ತವೆ. ಆ ಗೆರೆಗಳ ಪುಟಕ್ಕೆ ಎಲ್ಲರೂ ಡ್ಯಾಶ್‌ಬೋರ್ಡ್ ಅನ್ನುತ್ತಾರೆ. ಈ ಏರ್ಪಾಟನ್ನು ಎರಡು ವರ್ಷದ ಹಿಂದೆ ಕೂಡಿಸಿಕೊಟ್ಟವಳು ನಾಗಮಣಿಯೇ.

ನವೆಂಬರ್ ಹತ್ತನೇ ತಾರೀಕು ಸೋಮವಾರ ಬೆಳಿಗ್ಗೆ ರಕ್ತನಿಧಿಯ ಆಡಳಿತಾಧಿಕಾರಿ ಮೋಹನ್ ವಾರದ ವರದಿ ತೆಗೆದರು. ಐದು ಘಟಕಗಳ ಗೆರೆ ಸರಿಯಾಗಿತ್ತು. ಇಲವಾಲದ ಗೆರೆ ಮೂರನೇ ತಾರೀಕು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನಿಂತುಹೋಗಿತ್ತು. ಆಮೇಲೆ ಖಾಲಿ. ಉಷ್ಣತೆಯ ದಾಖಲೆ ಇಲ್ಲದ ಫ್ರಿಜ್ಜಿನ ರಕ್ತವನ್ನು ರೋಗಿಗೆ ಕೊಡುವಂತಿಲ್ಲ ಎಂಬುದು ಟ್ರಸ್ಟಿನ ನಿಯಮ. ಮೋಹನ್ ಅರ್ಧ ಗಂಟೆಯೊಳಗೆ ಆದೇಶ ಬರೆದರು. ಇಲವಾಲದಲ್ಲಿದ್ದ ಹದಿನೇಳು ಚೀಲ ರಕ್ತ ನಾಶವಾಯಿತು. ಅದಾದ ಮೇಲೆ ಅವರು ಮಾಧವನಿಗೆ ಫೋನ್ ಮಾಡಿದರು.

"ಮೇಡಂ, ಇಲವಾಲ ಡೌನ್ ಆಗಿದೆಯಂತೆ. ಒಂದು ವಾರದಿಂದ. ನಮಗೇ ಗೊತ್ತಿಲ್ಲ ಅಂದ್ರೆ ಹೇಗೆ?" ಎಂದು ಮಾಧವ ಅವಳ ಮೇಜಿನ ಬಳಿ ಬಂದು ನಿಂತ.

"ಉಷ್ಣತೆ ಹೆಚ್ಚುಕಡಿಮೆ ಆದ್ರೆ ಗಂಟೆ ಹೊಡಿಯೋ ಹಾಗೆ ಇಟ್ಟಿದ್ದೀವಿ. ಏನೂ ಬರದೇ ಇದ್ರೆ ಗಂಟೆ ಹೊಡಿಯೋದನ್ನ ಆಮೇಲೆ ಸೇರಿಸೋಣ ಅಂದಿದ್ರಿ ನೀವು. ಎರಡು ವರ್ಷ ಆಯ್ತು."

"ಅದಿರಲಿ. ಇವತ್ತು ಸಾಯಂಕಾಲದೊಳಗೆ ಸರಿ ಮಾಡ್ತೀವಿ ಅಂತ ಹೇಳಿಬಿಟ್ಟಿದ್ದೀನಿ."

ನಾಗಮಣಿ ಕನ್ನಡಕ ಒರೆಸಿಕೊಂಡು ಇಲವಾಲದ ಕಂಪ್ಯೂಟರಿಗೆ ಕೂತಲ್ಲಿಂದಲೇ ಸಂಪರ್ಕ ಮಾಡಿದಳು. ಸಂಪರ್ಕ ತಕ್ಷಣ ಸಿಕ್ಕಿತು. ಅಂದರೆ ಇಂಟರ್‌ನೆಟ್ ಇದೆ. ಅಲ್ಲಿಯ ಪರದೆಯನ್ನು ತೋರಿಸದೆ ಬರೀ ಸಾಲುಗಳನ್ನು ತೋರಿಸುವ ಕಪ್ಪು ಕಿಟಕಿಯಲ್ಲಿ ಫೈಲ್ ತೆರೆದಳು. ಸಾಲುಗಳೂ ಇದ್ದವು. ಮೂರು ದಶಮಾಂಶ ಎಂಟು, ನಾಲ್ಕು, ನಾಲ್ಕು ದಶಮಾಂಶ ಒಂದು. ಫ್ರಿಜ್ಜು ಒಂದು ದಿನವೂ ಹದ ತಪ್ಪಿರಲಿಲ್ಲ. ಕಳಿಸುವ ಪ್ರೋಗ್ರಾಂ ಕೂಡ ನಡೆಯುತ್ತಿತ್ತು. ಐದು ನಿಮಿಷಕ್ಕೊಮ್ಮೆ "ಕಳಿಸಿದೆ, ಸ್ವೀಕೃತವಾಗಿದೆ" ಎಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿತ್ತು. ತಪ್ಪುಗಳು: ಸೊನ್ನೆ.

ಕಳಿಸುವವನು ಕಳಿಸಿದೆ ಅನ್ನುತ್ತಾನೆ. ಪಡೆಯುವವನು ಬಂದಿಲ್ಲ ಅನ್ನುತ್ತಾನೆ. ನಡುವೆ ಸಾಲುಗಳು ಎಲ್ಲಿ ಹೋದವು?

ಅವಳು ಮೋಹನ್ ಅವರಿಗೆ ತಾನೇ ಫೋನ್ ಮಾಡಿದಳು. "ಸರ್, ಅಲ್ಲಿ ದಾಖಲೆ ಇದೆ. ಉಷ್ಣತೆ ಸರಿಯಾಗೇ ಇತ್ತು. ಫೈಲ್ ಕಳಿಸ್ತೀನಿ, ನೋಡಿ."

"ಆ ಫೈಲನ್ನ ಯಾರು ಬೇಕಾದ್ರೂ ತಿದ್ದಬಹುದಲ್ಲವೇನ್ರೀ?"

"ತಿದ್ದಬಹುದು. ಆದ್ರೆ ಯಾರೂ ತಿದ್ದಿಲ್ಲ."

"ಅದು ನಿಮಗೆ ಹೇಗೆ ಗೊತ್ತು? ಡ್ಯಾಶ್‌ಬೋರ್ಡ್‌ನಲ್ಲಿ ಇದ್ದರೆ ಇದೆ, ಇಲ್ಲ ಅಂದ್ರೆ ಇಲ್ಲ. ನೀವೇ ತಾನೆ ಹಾಗೆ ಹೇಳಿ ಇದನ್ನ ಹಾಕಿಸಿದ್ದು?"

ಅದು ನಿಜವಾಗಿತ್ತು. ಎರಡು ವರ್ಷದ ಹಿಂದೆ ಟ್ರಸ್ಟಿನ ಸಭೆಯಲ್ಲಿ, ಕೈಬರಹದ ರಿಜಿಸ್ಟರನ್ನು ನಂಬಬೇಡಿ ಎಂದು ಬೆರಳು ಮಡಚಿ ಮಡಚಿ ವಿವರಿಸಿದ್ದವಳು ಅವಳೇ.

ಇಲವಾಲದ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಕೆಂಪಯ್ಯ. ಐವತ್ತೇಳು ವರ್ಷ. ಪಕ್ಕದ ಹಳ್ಳಿಯ ಒಕ್ಕಲು ಮನೆಯವರು, ಲ್ಯಾಬ್ ಡಿಪ್ಲೊಮಾ ಓದಿ ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ನಾಗಮಣಿ ಅವರನ್ನು ಫೋನಿನಲ್ಲೇ ಬಲ್ಲವಳು. ಸೋಮವಾರ ಮಧ್ಯಾಹ್ನ ಫೋನ್ ಎತ್ತಿದಾಗ ಅವರ ದನಿ ಬಿದ್ದುಹೋಗಿತ್ತು.

"ಕೆಂಪಯ್ಯನವರೇ, ಹೋದ ವಾರ ಏನಾದ್ರೂ ಬದಲಾಯಿಸಿದ್ರಾ? ವೈರು, ಪ್ಲಗ್ಗು, ಏನಾದ್ರೂ ಮುಟ್ಟಿದ್ರಾ?"

"ಇಲ್ಲ ಕಣಮ್ಮ. ಫ್ರಿಜ್ಜಿನ ವೈರ್ ಹತ್ರಕ್ಕೇ ಓಗಿಲ್ಲ ನಾನು. ಹದಿನೇಳು ಚೀಲ ಕಣಮ್ಮ, ನಾಶ ಮಾಡಕ್ಕೆ ನನ್ ಕೈಲೇ ತುಂಬಿಸಿ ಕಳ್ಸುದ್ರು. ಅದ್ರಲ್ಲಿ ಮೂರು ಓ ನೆಗೆಟಿವ್ ಇದ್ವು."

ಅವಳು ಅಲ್ಲಿಗೇ ಫೋನಿಟ್ಟಳು. ಮುಂದೆ ಬಹಳ ದಿನ ಆ ಪ್ರಶ್ನೆ ಅವಳನ್ನು ಚುಚ್ಚಿತು. ವೈರು, ಪ್ಲಗ್ಗು ಎಂದು ತಾನೇ ಸೇರಿಸದೆ, ಏನು ಬದಲಾಯಿಸಿದಿರಿ ಎಂದಷ್ಟೇ ಕೇಳಿ ಸುಮ್ಮನಿದ್ದರೆ ಆಗುತ್ತಿತ್ತು.

ಆ ಸಾಯಂಕಾಲದೊಳಗೆ ಸರಿಯಾಗಲಿಲ್ಲ. ಮರುದಿನವೂ ಆಗಲಿಲ್ಲ. ಕಳಿಸುವ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದಳು. ಕಂಪ್ಯೂಟರನ್ನೇ ನಿಲ್ಲಿಸಿ ಎಬ್ಬಿಸಿದಳು. ಪ್ರೋಗ್ರಾಮನ್ನು ಕಿತ್ತು ಹೊಸದಾಗಿ ಹಾಕಿದಳು. ಪ್ರತಿ ಘಟಕಕ್ಕೂ ಒಂದೊಂದು ಗುಪ್ತ ಸಂಖ್ಯೆ ಇರುತ್ತದೆ, ಅದು ಹಾಳಾಗಿರಬಹುದೆಂದು ಬದಲಿಸಿದಳು. ದಿನಕ್ಕೆ ಇಷ್ಟೇ ಸಾಲು ಎಂಬ ಮಿತಿ ಮೀರಿದೆಯೇ ನೋಡಿದಳು, ಅರ್ಧಕ್ಕೂ ಬಂದಿರಲಿಲ್ಲ. ಇಂಟರ್‌ನೆಟ್ ಕೊಡುವವರಿಗೆ ಫೋನ್ ಹಚ್ಚಿ ನಲವತ್ತು ನಿಮಿಷ ಸಂಗೀತ ಕೇಳಿದಳು. "ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ" ಅಂದರು. ಎಲ್ಲರ ಕಡೆಯೂ ಎಲ್ಲ ಸರಿ ಇತ್ತು.

ಬುಧವಾರ ಅವಳಿಗೊಂದು ಉಪಾಯ ಹೊಳೆಯಿತು. ಇಲವಾಲದ ಕಂಪ್ಯೂಟರಿನಿಂದಲೇ, ತನ್ನ ಕೈಯಾರೆ ಟೈಪ್ ಮಾಡಿ ಒಂದು ಪರೀಕ್ಷೆಯ ಸಾಲು ಕಳಿಸಿದಳು. ಒಂದು ನಿಮಿಷದಲ್ಲಿ ಅದು ಡ್ಯಾಶ್‌ಬೋರ್ಡಿನಲ್ಲಿ ಕಾಣಿಸಿತು! ಖಾಲಿ ಜಾಗದ ನಡುವೆ ಒಂದೇ ಒಂದು ಚುಕ್ಕೆ. ನಂಬಿಕೆ ಬರದೆ ಇನ್ನೊಂದು ಕಳಿಸಿದಳು, ಮತ್ತೊಂದು ಕಳಿಸಿದಳು. ಮೂರು ಚುಕ್ಕೆ ಬಂದವು. ಅದೇ ಕಂಪ್ಯೂಟರು, ಅದೇ ದಾರಿ, ಅದೇ ಗುಪ್ತ ಸಂಖ್ಯೆ. ಅವಳು ಬರೆದದ್ದು ತಲುಪುತ್ತದೆ, ಕಂಪ್ಯೂಟರು ತಾನಾಗಿ ಬರೆದದ್ದು ತಲುಪುವುದಿಲ್ಲ. ಇಷ್ಟು ಹೊತ್ತು ಏನೂ ಗೊತ್ತಿಲ್ಲ ಎಂಬ ಸಂಕಟವಿತ್ತು. ಈಗ ಗೊತ್ತಾದದ್ದಕ್ಕೆ ಅರ್ಥವೇ ಇಲ್ಲ ಎಂಬ ಸಂಕಟ ಸೇರಿಕೊಂಡಿತು.

ಇಲವಾಲದ ಫೈಲನ್ನೂ ರಾಜೀವನಗರದ ಫೈಲನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಥರ ಕಂಡವು. ಅವಳ ಆ ಕಪ್ಪು ಕಿಟಕಿಗೆ ಕನ್ನಡ ಅಕ್ಷರ ತೋರಿಸಲು ಬರುತ್ತಿರಲಿಲ್ಲ. ಘಟಕದ ಹೆಸರು ಕನ್ನಡದಲ್ಲಿರುತ್ತಿದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಚೌಕಗಳು ಕಾಣುತ್ತಿದ್ದವು. ಎರಡು ವರ್ಷದಿಂದ ಆ ಚೌಕಗಳನ್ನು ನೋಡಿ ನೋಡಿ ಕಣ್ಣು ಅವನ್ನು ದಾಟಿಕೊಂಡೇ ಹೋಗುತ್ತಿತ್ತು.

ನಿಗಾ ವ್ಯವಸ್ಥೆಯ ಕಂಪನಿಗೆ ಸೋಮವಾರವೇ ದೂರು ಬರೆದಿದ್ದಳು. ಅವರ ಭಾಷೆಯಲ್ಲಿ ಅದು ಟಿಕೆಟ್. ಗುರುವಾರ ಮೊದಲ ಉತ್ತರ ಬಂತು: ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿ ನೋಡಿದಿರಾ? ನೋಡಿದೆ ಎಂದು ಬರೆದಳು. ಮಧ್ಯಾಹ್ನ ಬೇರೆ ಹೆಸರಿನಿಂದ ಇನ್ನೊಂದು ಉತ್ತರ: ಇಂಟರ್‌ನೆಟ್ ಇದೆಯೇ ಪರೀಕ್ಷಿಸಿ. ಪರೀಕ್ಷಿಸಿದ್ದೇನೆ, ಮೊದಲ ಪತ್ರದಲ್ಲೇ ಬರೆದಿದ್ದೇನೆ. ಶುಕ್ರವಾರ ಮೂರನೆಯ ಹೆಸರು: ನಿಮ್ಮ ಪರೀಕ್ಷೆಯ ಸಾಲುಗಳು ನಮಗೆ ಸಿಕ್ಕಿವೆ, ಆದ್ದರಿಂದ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ಟಿಕೆಟ್ ಮುಚ್ಚುತ್ತಿದ್ದೇವೆ.

ಅದನ್ನು ಓದಿ ನಾಗಮಣಿ ಎದ್ದು ಹೋಗಿ ಆಫೀಸಿನ ತಾರಸಿಯ ಮೇಲೆ ಹತ್ತು ನಿಮಿಷ ನಿಂತಳು. ಕೆಳಗೆ ಬಂದಾಗ ಮಾಧವ ಕಾಯುತ್ತಿದ್ದ.

"ಮೇಡಂ, ಕೆಂಪಯ್ಯ ಅವರಿಗೆ ಟ್ರಸ್ಟಿನವರು ಮೆಮೊ ಕೊಟ್ಟಿದ್ದಾರಂತೆ. ನಿನ್ನೆಯೇ."

"ಏನಂತ?"

"ಒಂದು ವಾರ ಕಂಪ್ಯೂಟರ್ ಆಫ್ ಮಾಡಿಟ್ಟು, ಆಮೇಲೆ ಫೈಲಲ್ಲಿ ಸುಳ್ಳು ಸಾಲು ತುಂಬಿಸಿರೋ ಸಾಧ್ಯತೆ ಇದೆ, ಹದಿನೈದು ದಿನದಲ್ಲಿ ಉತ್ತರ ಕೊಡಿ ಅಂತ. ನಮಗೂ ಇದು ಒಂಥರಾ ಒಳ್ಳೇದೇ. ಸಿಸ್ಟಂ ತಪ್ಪಲ್ಲ ಅಂತ ಆಗುತ್ತಲ್ಲ."

"ಮಾಧವ ಅವರೇ, ಅವರು ಆಫ್ ಮಾಡಿಲ್ಲ. ನಾನು ನೋಡಿದ್ದೀನಿ."

"ನನಗೂ ಗೊತ್ತು ಮೇಡಂ. ಆದ್ರೆ ಪ್ರೂಫ್ ಏನಿದೆ?"

ಅಂದು ಮನೆಗೆ ಹೋದವಳು ಸ್ಟೀಲಿನ ಲೋಟಗಳನ್ನು ಹತ್ತಿಯಂತೆ ಜೋಡಿಸತೊಡಗಿದಳು. ಗಂಡ ಸುಂದರೇಶ ಹೈಸ್ಕೂಲಿನ ಗಣಿತದ ಮೇಷ್ಟ್ರು. ಪೇಪರು ಮಡಿಸಿಟ್ಟು ಅಡುಗೆಮನೆಗೆ ಬಂದ.

"ಇನ್ನೂ ಇಲವಾಲನೇನೇ?"

"ಇನ್ನೂ ಇಲವಾಲನೇ. ಎಲ್ಲಾ ನೋಡಿಬಿಟ್ಟೆ ಕಣ್ರೀ. ನೋಡೋಕೆ ಇನ್ನೇನೂ ಉಳಿದಿಲ್ಲ."

"ಅಲ್ಲಿಗೆ ಹೋಗಿ ನೋಡಿದ್ಯಾ?"

"ಅಲ್ಲಿಗೆ ಹೋದ್ರೆ ಬೇರೇನು ಕಾಣುತ್ತೆ? ಇಲ್ಲಿಂದ ಕಾಣೋದೇ ಅಲ್ಲೂ ಕಾಣೋದು."

ಸುಂದರೇಶ ಪೇಪರಿಗೆ ಮರಳಿದ. ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಕಂಪ್ಯೂಟರಿನ ಗಂಧಗಾಳಿ ಇಲ್ಲದವರು ಹೇಳುವ ಮಾತು ಅದು ಅನಿಸಿತು.

ಅವಳನ್ನು ಕೊನೆಗೂ ಹೊರಡಿಸಿದ್ದು ಮಂಗಳವಾರ ಬಂದ ಸುದ್ದಿ. ಇಲವಾಲದ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲದೆ ರಕ್ತ ಬೇಕಾಗಿತ್ತು. ಘಟಕದ ಫ್ರಿಜ್ಜು ಖಾಲಿ. ನಗರದಿಂದ ತರಿಸಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಹುಣಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಚೀಲವಿದ್ದ ಗಾಡಿ ನಿಂತು ನಿಂತು ಹೋಗಿತ್ತು. ಆಕೆ ಉಳಿದುಕೊಂಡಳು. ಆದರೂ ಫೋನಿನಲ್ಲಿ ಇದನ್ನು ಹೇಳುವಾಗ ಕೆಂಪಯ್ಯ ಆ ಒಂದು ಗಂಟೆ ಹತ್ತು ನಿಮಿಷವನ್ನು ಎರಡು ಸಲ ಹೇಳಿದರು.

ಬುಧವಾರ, ಹತ್ತೊಂಬತ್ತನೇ ತಾರೀಕು, ನಾಗಮಣಿ ಸಿಟಿ ಬಸ್ಸು ಹತ್ತಿ ಇಲವಾಲಕ್ಕೆ ಹೋದಳು. ಮಾಧವನಿಗೆ ಹೇಳಿದ್ದು ಬಸ್ಸು ಹುಣಸೂರು ರಸ್ತೆ ಹಿಡಿದ ಮೇಲೆ.

ಘಟಕ ಇದ್ದದ್ದು ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹೆಂಚಿನ ಕಟ್ಟಡದಲ್ಲಿ. ಕೆಂಪಯ್ಯ ಬಾಗಿಲಲ್ಲೇ ನಿಂತಿದ್ದರು. ಫೋನಿನ ದನಿಗಿಂತ ಆಳು ಎತ್ತರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಅದು ಮೆಮೊ ಎಂದು ಕೇಳದೆಯೇ ತಿಳಿಯಿತು.

"ನೀವೇ ಬರ್ತೀರಾ ಅಂತ ಅನ್ಕೊಂಡಿರ್ಲಿಲ್ಲ ಮೇಡಮ್ಮೋರೆ. ಕುತ್ಕಳಿ. ನೀರು ಕುಡೀತೀರಾ?"

ಅವಳು ನೀರು ಕುಡಿದು ಕಂಪ್ಯೂಟರಿನ ಮುಂದೆ ಕೂತಳು. ಪರದೆ ಬೆಳಗಿತು. ಕೆಳಗಿನ ಬಲಮೂಲೆಯಲ್ಲಿ ಗಡಿಯಾರ: 12:20 ಅಪರಾಹ್ನ.

ಅಪರಾಹ್ನ.

ಅವಳು ಆ ಪದವನ್ನು ಎರಡು ಸಲ ಓದಿದಳು. ಆಮೇಲೆ ಪರದೆಯ ಉಳಿದದ್ದನ್ನು ನೋಡಿದಳು. ಫೋಲ್ಡರುಗಳ ಹೆಸರು, ಮೆನು, ಕಸದ ಬುಟ್ಟಿಯ ಕೆಳಗಿನ ಬರಹ, ಎಲ್ಲ ಕನ್ನಡದಲ್ಲಿ.

"ಕೆಂಪಯ್ಯನವರೇ, ಇದು ಯಾವಾಗ ಹೀಗಾಯ್ತು?"

"ಯಾವ್ದಮ್ಮ? ಓ, ಇದಾ?" ಕೆಂಪಯ್ಯನ ಮುಖ ಮೊದಲ ಬಾರಿಗೆ ಅರಳಿತು. "ನಾನೇ ಮಾಡಿದ್ದು. ರಾಜ್ಯೋತ್ಸವಕ್ಕೆ ಟ್ರಸ್ಟಿಂದ ಸುತ್ತೋಲೆ ಬಂದಿತ್ತಲ್ಲ, ದಿನದ ಕೆಲ್ಸದಲ್ಲಿ ಕನ್ನಡ ಬಳ್ಸಿ ಅಂತ. ಮಿಕ್ಕೋರೆಲ್ಲ ಬೋರ್ಡ್ ಬರ್ಸಿ ಸುಮ್ನಾದ್ರು. ನಾನು ಫೋನಲ್ಲಿ ವೀಡಿಯೊ ನೋಡ್ಕಂಡು ಕಂಪ್ಯೂಟರ್‌ನೇ ಕನ್ನಡ ಮಾಡ್ಬುಟ್ಟೆ. ಮೊದ್ಲು ಏನಾದ್ರೂ ಇಂಗ್ಲಿಷಲ್ಲಿ ಬಂದ್ರೆ ಭಯ ಆಗದು. ಈಗ ಏನ್ ಕೇಳ್ತದೆ ಅಂತ ಓದ್ಕೋತೀನಿ."

"ಯಾವತ್ತು ಮಾಡಿದ್ರಿ?"

"ಸೋಮ್ವಾರ. ಮೂರ್ನೇ ತಾರೀಕು, ಊಟ ಆದ್ಮೇಲೆ."

ನಾಗಮಣಿ ಸಾಲುಗಳ ಫೈಲನ್ನು ಆ ಕಂಪ್ಯೂಟರಿನಲ್ಲೇ ತೆರೆದಳು. ಇಲ್ಲಿ ಚೌಕಗಳಿರಲಿಲ್ಲ. ಅಕ್ಷರಗಳಿದ್ದವು. ಮೂರನೇ ತಾರೀಕು ಮಧ್ಯಾಹ್ನದವರೆಗೆ ಪ್ರತಿ ಗಂಟೆಯ ಮುಂದೆ ಎ.ಎಂ., ಪಿ.ಎಂ. ಎಂಬ ಇಂಗ್ಲಿಷಿನ ಎರಡಕ್ಷರ ಇತ್ತು. ಎರಡೂ ಮುಕ್ಕಾಲಾದ ಮೇಲೆ ಅದೇ ಜಾಗದಲ್ಲಿ ಅಪರಾಹ್ನ, ಅಪರಾಹ್ನ, ಅಪರಾಹ್ನ. ನಡುರಾತ್ರಿ ಕಳೆದ ಮೇಲೆ ಪೂರ್ವಾಹ್ನ. ಕಂಪ್ಯೂಟರು ತನ್ನ ಯಜಮಾನನ ಮಾತು ಕೇಳಿ ಗಂಟೆಯನ್ನೂ ಕನ್ನಡದಲ್ಲಿ ಬರೆಯತೊಡಗಿತ್ತು. ಕಳಿಸುವ ಪ್ರೋಗ್ರಾಂ ನಿಷ್ಠೆಯಿಂದ ಕಳಿಸಿತ್ತು. ಅತ್ತ ಕಡೆ ಸಾಲು ಸಿಕ್ಕಿದೆ ಎಂದು ರಸೀತಿ ಕೊಟ್ಟು ಒಳಗೆ ಒಯ್ದು, ಅಪರಾಹ್ನ ಅಂದರೇನೆಂದು ತಿಳಿಯದೆ, ಗಂಟೆ ಓದಲಾಗದ ಸಾಲು ಎಂದು ಬಿಸಾಡಿದ್ದರು. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಅವಳು ಕೈಯಾರೆ ಬರೆದ ಮೂರು ಸಾಲುಗಳಲ್ಲಿ ಗಂಟೆ ಇಂಗ್ಲಿಷಿನಲ್ಲಿತ್ತು. ಅವು ಮಾತ್ರ ಉಳಿದವು.

ಒಂಬತ್ತು ದಿನ. ಒಂಬತ್ತು ದಿನ ಅವಳು ಆ ಪದವನ್ನು ನೋಡಿದ್ದಳು. ಚೌಕಗಳು ಸಾಲಿನ ಕೊನೆಯಲ್ಲಿ ಒಂದು ಕಡೆ ಇರಬೇಕಾದದ್ದು ಇಲವಾಲದ ಫೈಲಿನಲ್ಲಿ ಎರಡು ಕಡೆ ಇದ್ದವು. ಬೇರೆ ಯಾವ ಭಾಷೆಯ ಅಕ್ಷರ ಅಲ್ಲಿದ್ದಿದ್ದರೂ ಕಣ್ಣಿಗೆ ಬೀಳುತ್ತಿತ್ತೇನೋ. ತನ್ನದೇ ಭಾಷೆ ಕಸದಂತೆ ಕಂಡು, ದಾಟಿಕೊಂಡು ಹೋಗಿದ್ದಳು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಏನಾಯ್ತಮ್ಮ?" ಎಂದರು ಕೆಂಪಯ್ಯ.

ಅವಳು ವಿವರಿಸಿದಳು. ಕೆಂಪಯ್ಯನ ಮುಖ ನಿಧಾನಕ್ಕೆ ಬಾಡಿತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಅಂಗಾದ್ರೆ ನನ್ನಿಂದ್ಲೇ ಆಗಿದ್ದು. ಹದಿನೇಳು ಚೀಲನೂ."

"ನಿಮ್ಮಿಂದ ಅಲ್ಲ."

"ಎಂಗಲ್ಲ ಅಂತೀರಿ? ನಂಗ್ಯಾಕೆ ಬೇಕಿತ್ತು ಇದೆಲ್ಲ. ಇಂಗ್ಲಿಷ್‌ಗೇ ಮಾಡ್ಬುಡಿ ಮೇಡಮ್ಮೋರೆ. ಈಗ್ಲೇ ಮಾಡ್ಬುಡಿ."

ಮಾಧವನಿಗೆ ಫೋನ್ ಮಾಡಿದಾಗ ಅವನೂ ಅದನ್ನೇ ಹೇಳಿದ. "ಸೂಪರ್ ಮೇಡಂ! ಇಂಗ್ಲಿಷ್‌ಗೆ ಬದಲಾಯಿಸಿ ವಾಪಸ್ ಬನ್ನಿ. ಎರಡು ನಿಮಿಷದ ಕೆಲಸ."

ನಾಗಮಣಿ ಫೋನಿಟ್ಟಳು. ಎರಡು ನಿಮಿಷದ ಕೆಲಸ ನಿಜ. ಆದರೆ ಇಪ್ಪತ್ತೆರಡು ವರ್ಷ ಇಂಗ್ಲಿಷಿಗೆ ಹೆದರುತ್ತಾ ಕೆಲಸ ಮಾಡಿದ ಮನುಷ್ಯ ಹದಿನಾರು ದಿನ ಹೆದರದೆ ಮಾಡಿದ್ದಾನೆ.

"ಬೇಡ ಕೆಂಪಯ್ಯನವರೇ. ಕನ್ನಡ ಹಾಗೇ ಇರಲಿ. ಗಂಟೆ ಬರಿಯೋ ರೀತಿ ಮಾತ್ರ ಬದಲಾಯಿಸ್ತೀನಿ. ಮಧ್ಯಾಹ್ನ ಮೂರು ಅನ್ನೋದು ಇನ್ಮೇಲೆ ಹದಿನೈದು ಗಂಟೆ ಅಂತ ಬರುತ್ತೆ, ರೈಲ್ವೆ ಸ್ಟೇಷನ್ ಥರ. ಪೂರ್ವಾಹ್ನನೂ ಬೇಡ, ಅಪರಾಹ್ನನೂ ಬೇಡ. ಆಗಬಹುದಾ?"

"ರೈಲ್ವೆ ಟೈಮ್ ನಂಗ್ ಗೊತ್ತು ಕಣಮ್ಮ. ನಮ್ಮಪ್ಪ ಗ್ಯಾಂಗ್‌ಮನ್ ಕೆಲ್ಸಕ್ಕೆ ಓಯ್ತಿದ್ರು."

ಅವಳು ಬದಲಿಸಿದಳು. ಇಬ್ಬರೂ ಅವಳ ಫೋನಿನಲ್ಲಿ ಡ್ಯಾಶ್‌ಬೋರ್ಡ್ ತೆರೆದುಕೊಂಡು ಕಾದರು. 12:45ಕ್ಕೆ ಒಂದು ಚುಕ್ಕೆ ಮೂಡಿತು. 12:50ಕ್ಕೆ ಇನ್ನೊಂದು. ಎರಡರ ನಡುವೆ ಸಣ್ಣ ಗೆರೆ. ಕೆಂಪಯ್ಯ ಹೊರಗೆ ಹೋಗಿ ಎರಡು ಲೋಟ ಚಹಾ ತಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾಗಮಣಿಗೆ ನೆಮ್ಮದಿಯಾಗುತ್ತಿತ್ತು. ಕಳೆದುಹೋದ ಸಾಲುಗಳ ಗಂಟೆಯನ್ನು ತಿದ್ದಿ ಮತ್ತೆ ಕಳಿಸೋಣವೆಂದರೆ, ಎರಡು ದಿನಕ್ಕಿಂತ ಹಳೆಯ ಸಾಲುಗಳನ್ನು ಆ ವ್ಯವಸ್ಥೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಮೋಹನ್ ಅವರ ಬಳಿಗೆ ಹೋಗಿ ಕನ್ನಡದ ಗಂಟೆಯ ವಿಷಯ ಹೇಳಿದರೆ ಅವರು ಕುರ್ಚಿಗೆ ಒರಗಿಕೊಂಡರು.

"ಕಾರಣ ಚೆನ್ನಾಗಿದೆ. ಆದ್ರೆ ಆ ಹದಿನಾರು ದಿನ ಕಂಪ್ಯೂಟರ್ ನಡೀತಿತ್ತು ಅನ್ನೋದಕ್ಕೆ ಈಗಲೂ ಆ ಫೈಲೇ ತಾನೆ ಆಧಾರ? ಕನ್ನಡಕ್ಕೆ ಬದಲಾಯಿಸಿದ್ದೂ ಅವರೇ, ಫೈಲ್ ಇರೋದೂ ಅವರ ಹತ್ರಾನೇ."

"ಸರ್, ಬಿಸಾಡಿದವರು ಒಪ್ಪಿಕೊಂಡ್ರೆ ಆಯ್ತಾ?"

"ಒಪ್ಪಿಕೊಂಡು ಬರೆದುಕೊಡ್ತಾರಾ? ಕೊಡಲಿ, ನೋಡೋಣ."

ನಾಗಮಣಿ ಆಫೀಸಿಗೆ ಬಂದು ಟಿಕೆಟನ್ನು ಮತ್ತೆ ತೆರೆದಳು. ಈ ಸಲ ಉದ್ದ ಪತ್ರ ಬರೆಯಲಿಲ್ಲ. ಎರಡೇ ಪ್ರಶ್ನೆ. ಇಲವಾಲದ ಗುಪ್ತ ಸಂಖ್ಯೆಗಳಿಂದ ಈ ಹದಿನಾರು ದಿನಗಳಲ್ಲಿ ನಿಮಗೆ ಎಷ್ಟು ಸಾಲು ಬಂತು? ಅದರಲ್ಲಿ ಎಷ್ಟನ್ನು ಇಟ್ಟುಕೊಂಡಿರಿ? ತಾತನ ದಫ್ತರದಲ್ಲಿ ಪ್ರತಿ ಪುಟದ ಕೊನೆಗೂ ಇರುತ್ತಿದ್ದ ಲೆಕ್ಕ ಅಷ್ಟೇ. ಬಂದದ್ದೆಷ್ಟು, ಕಡತಕ್ಕೆ ಸೇರಿದ್ದೆಷ್ಟು.

ಉತ್ತರವಾಗಿ ಗಂಟೆಯನ್ನು ಹೇಗೆ ಬರೆಯಬೇಕೆಂಬ ಮಾರ್ಗಸೂಚಿಯ ಕೊಂಡಿ ಬಂತು. ಎರಡು ಸಂಖ್ಯೆ ಕೊಡಿ ಎಂದು ಬರೆದಳು. ಸಮಸ್ಯೆ ಬಗೆಹರಿದಿದ್ದಕ್ಕೆ ಸಂತೋಷ ಎಂದು ಟಿಕೆಟ್ ಮುಚ್ಚಿದರು. ತೆರೆದಳು. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಎರಡು ಸಂಖ್ಯೆ ಕೊಡಿ. ಮುಚ್ಚಿದರು. ತೆರೆದಳು. ಕೆಂಪಯ್ಯನ ಹದಿನೈದು ದಿನದ ಗಡುವು ಮುಗಿಯಲು ಮೂರು ದಿನವಿತ್ತು. ಅವರ ಪರವಾಗಿ ನಾಗಮಣಿಯೇ ಉತ್ತರ ಬರೆದು, ಇನ್ನೂ ಹತ್ತು ದಿನ ಕಾಲಾವಕಾಶ ಕೇಳಿದಳು.

"ಮೇಡಂ, ಸಾಕು ಬಿಡಿ. ಸಿಸ್ಟಂ ಸರಿಹೋಯ್ತಲ್ಲ. ಬೇರೆ ಕ್ಲೈಂಟ್‌ಗಳ ಕೆಲಸ ಬಿದ್ದಿದೆ" ಎಂದ ಮಾಧವ.

"ಸಿಸ್ಟಂ ಸರಿಹೋಯ್ತು. ಕೆಂಪಯ್ಯನವರ ವಿಷಯ ಸರಿಹೋಗಿಲ್ಲ."

"ಅದು ಅವರ ಇಂಟರ್ನಲ್ ಮ್ಯಾಟರ್ ಅಲ್ವಾ?"

ನಾಗಮಣಿ ಕನ್ನಡಕ ತೆಗೆದಳು. ಒರೆಸಲಿಲ್ಲ. ಮೇಜಿನ ಮೇಲಿಟ್ಟಳು. "ಸಾಲು ಬರದಿದ್ರೆ ಹೊಡಿಯೋ ಗಂಟೆನ ಎರಡು ವರ್ಷದ ಹಿಂದೆ ಸೇರಿಸಿದ್ದಿದ್ರೆ ಮೂರನೇ ತಾರೀಕು ಸಾಯಂಕಾಲಾನೇ ಗೊತ್ತಾಗ್ತಿತ್ತು. ಮೆಮೊ ನಮಗೆ ಬರಬೇಕಿತ್ತು. ಅವರಿಗೆ ಹೋಗಿದೆ." ಅಷ್ಟು ಉದ್ದದ ಮಾತನ್ನು ಅವಳು ಸಿಟ್ಟಿನಲ್ಲಿ ಆಡಿದ್ದು ಅದೇ ಮೊದಲು. ಮಾಧವ ತನ್ನ ಕೋಣೆಗೆ ಹೋದ. ಸಂಜೆ ಹೊತ್ತಿಗೆ ತನ್ನ ಹೆಸರಿನಲ್ಲೂ ಆ ಕಂಪನಿಗೆ ಒಂದು ಪತ್ರ ಹಾಕಿದ್ದ. ಗುತ್ತಿಗೆ ಮುಂದುವರಿಸುವ ವಿಷಯ ಎರಡು ಸಂಖ್ಯೆಗಳ ಮೇಲೆ ನಿಂತಿದೆ ಎಂದು ಅದರಲ್ಲಿತ್ತು.

ಡಿಸೆಂಬರ್ ಐದರಂದು ಉತ್ತರ ಬಂತು. ಯಾರೋ ಹಿರಿಯ ಇಂಜಿನಿಯರ್ ಬರೆದದ್ದು, ಮೂರೇ ಸಾಲು. ಬಂದದ್ದು 4,571. ಇಟ್ಟುಕೊಂಡದ್ದು 3. ಗಂಟೆ ಓದಲಾಗದೆ ಕೈಬಿಟ್ಟದ್ದು 4,568. ಪ್ರತಿಯೊಂದು ಸಾಲು ತಮ್ಮ ಬಾಗಿಲಿಗೆ ಬಂದ ಗಳಿಗೆಯ ಪಟ್ಟಿಯನ್ನೂ ಲಗತ್ತಿಸಿದ್ದರು. ಐದೈದು ನಿಮಿಷಕ್ಕೊಮ್ಮೆ, ಹಗಲೂ ಇರುಳೂ, ಹದಿನಾರು ದಿನ. ನಾಗಮಣಿ ಕಂಪ್ಯೂಟರನ್ನು ನಿಲ್ಲಿಸಿ ಎಬ್ಬಿಸಿದ ಹೊತ್ತಿನಲ್ಲಿ ಮಾತ್ರ ಕೆಲವು ಸಾಲು ಇರಲಿಲ್ಲ.

ಇಲವಾಲದ ಫೈಲಿನಲ್ಲಿ ಕನ್ನಡದ ಗಂಟೆಯಿದ್ದ ಸಾಲುಗಳನ್ನು ನಾಗಮಣಿ ಎಣಿಸಿ ಇಟ್ಟಿದ್ದಳು. 4,568. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಅವಳು ಎರಡನ್ನೂ ಮುದ್ರಿಸಿ ಮೋಹನ್ ಅವರ ಮೇಜಿನ ಮೇಲೆ ಇಟ್ಟಾಗ ಅವರು ಬಹಳ ಹೊತ್ತು ಪುಟ ತಿರುಗಿಸಿದರು. ಉಷ್ಣತೆಯ ಅಂಕಣದ ಮೇಲೆ ಬೆರಳಿಟ್ಟು ಕೆಳಗಿಳಿದರು. ಮೂರು ದಶಮಾಂಶ ಒಂಬತ್ತು, ನಾಲ್ಕು, ನಾಲ್ಕು.

"ಅಂದ್ರೆ ಆ ರಕ್ತ ಚೆನ್ನಾಗೇ ಇತ್ತು" ಎಂದರು.

"ಹೌದು ಸರ್."

ಅವರು ಪುಟಗಳನ್ನು ಮಡಚಿ ಕೆಂಪಯ್ಯನವರ ಕಡತಕ್ಕೆ ಸೇರಿಸಿದರು.

ಒಂದು ವಾರದ ಮೇಲೆ ಕೆಂಪಯ್ಯ ಫೋನ್ ಮಾಡಿದರು. "ಕಾಗ್ದ ಬಂತು ಮೇಡಮ್ಮೋರೆ. ಓದ್ತೀನಿ ಕೇಳಿ. ತಾಂತ್ರಿಕ ಕಾರಣದಿಂದ ಉಂಟಾದ ಗೊಂದಲದ ಹಿನ್ನೆಲೆಯಲ್ಲಿ ದಿನಾಂಕ ಹದಿಮೂರರ ಮೆಮೊವನ್ನು ಕೈಬಿಡಲಾಗಿದೆ. ಅಷ್ಟೇ." ಕಾಗದ ಮಡಿಸಿದ ಸದ್ದು ಕೇಳಿಸಿತು. "ತಪ್ಪು ನಿಂದಲ್ಲ ಅಂತ ಇದ್ರಲ್ಲಿ ಬಂದಂಗಾಯ್ತಾ?"

"ಹಾಗಂತ ಬರೆದಿಲ್ಲ ಕೆಂಪಯ್ಯನವರೇ."

"ನಂಗೂ ಅಂಗೇ ಅನ್ನುಸ್ತು. ಇರ್ಲಿ ಬುಡಿ."

ಇರಲಿ ಬಿಡಿ ಅನ್ನುವುದು ನಾಗಮಣಿಗೆ ಆಗಲಿಲ್ಲ. ಇನ್ನೊಂದು ಪತ್ರ ಬರೆಯೋಣವೇ ಎಂದು ಕೇಳಿದಳು. ಕೆಂಪಯ್ಯ ಬೇಡವೆಂದರು. ಇನ್ನು ಮೂರು ವರ್ಷ ಕೆಲಸ ಇದೆ, ಅದೇ ಕಚೇರಿಯ ಮುಂದೆ ಓಡಾಡಬೇಕು ಎಂದರು. ಫ್ರಿಜ್ಜಿಗೆ ಹನ್ನೆರಡು ಚೀಲ ಬಂದಿದೆ, ಓ ನೆಗೆಟಿವ್ ಮಾತ್ರ ಇನ್ನೂ ಸಿಕ್ಕಿಲ್ಲ ಎಂದರು.

ಅದೇ ವಾರ ಎಲ್ಲ ಆರು ಘಟಕಗಳಿಗೂ ಟ್ರಸ್ಟಿನಿಂದ ಹೊಸ ಸುತ್ತೋಲೆ ಹೋಯಿತು. ಇನ್ನು ಮುಂದೆ ಕಂಪ್ಯೂಟರುಗಳ ಭಾಷೆಯನ್ನು ಯಾವ ಕಾರಣಕ್ಕೂ ಯಾರೂ ಬದಲಾಯಿಸಕೂಡದು. ಮಾಧವ ಅದನ್ನು ನಾಗಮಣಿಗೆ ತೋರಿಸಿ, "ಇಲವಾಲದ್ದು ಇನ್ನೂ ಕನ್ನಡದಲ್ಲೇ ಇದೆಯಲ್ಲ, ಈಗ ಏನ್ ಮಾಡೋಣ?" ಎಂದು ಕೇಳಿದ.

"ಯಾರೂ ಬದಲಾಯಿಸಕೂಡದು ಅಂತ ಬರೆದಿದ್ದಾರಲ್ಲ" ಎಂದಳು ನಾಗಮಣಿ. "ನಾನೂ ಬದಲಾಯಿಸಲ್ಲ."